ಕೊನೆಯ ಪದ್ಯದಲ್ಲಿ ದುಮಾನಿ

ಗುಲ್ಸೆರೆನ್ ಸಿವಾಸ್ ಪಟ್ಟಣದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಅವಳ ಹಳ್ಳಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳೇ. ಪಾಠ ಮುಗಿದ ಮೇಲೆ ಉಳಿದ ಹೊತ್ತನ್ನೆಲ್ಲ ಊರಿನ ಬೆಕಿರ್ ಅಜ್ಜನ ಹಾಡುಗಳನ್ನು ಇಂಗ್ಲಿಷಿಗೆ ತರುವುದರಲ್ಲಿ ಕಳೆದಿದ್ದಳು. ಸಾಜ್ ಎಂಬ ತಂತಿವಾದ್ಯ ಮೀಟಿಕೊಂಡು ಹಾಡು ಕಟ್ಟುವ ಆ ಕಡೆಯ ಕವಿಗಳು ಕೊನೆಯ ಪದ್ಯದಲ್ಲಿ ತಮ್ಮ ಹೆಸರು ಸೇರಿಸುತ್ತಾರೆ. ಹಾಡಿನಲ್ಲಿ ಬೆಕಿರ್ ಅಜ್ಜನ ಹೆಸರು ದುಮಾನಿ. ಓದುಬರಹ ತಿಳಿಯದ ಆತನಿಗೆ ಹಾಡು ತನ್ನದೆನ್ನಲು ಅದೊಂದೇ ಗುರುತು.

"ಬೇರೆ ಏನ್ ಬೇಕಾದ್ರೂ ತಿದ್ದು ಮಗಳೇ, ನನ್ನ ಮಾತ್ರ ಆಚೆ ಹಾಕ್ಬೇಡ" ಎಂದಿದ್ದ. ಅವಳು ಮಾತು ಕೊಟ್ಟಿದ್ದಳು.

ಅಂಕಾರಾದಲ್ಲಿ ಅವಳಿಗೆ ಪಾಠ ಹೇಳಿದ್ದ ತಾರಿಕ್ ಮೇಷ್ಟ್ರು ಅನುವಾದವನ್ನು ತಿದ್ದಿ ಲಂಡನ್ನಿನ ಪ್ರಕಾಶಕರಿಗೆ ಕಳಿಸಿದ್ದರು. ಪುಸ್ತಕ ಬಂದ ದಿನ ಅವಳು ಕಟ್ಟು ಬಿಚ್ಚದೆಯೇ ಊರಿನ ಬಸ್ಸು ಹತ್ತಿದಳು. ಅಜ್ಜನೇ ಮೊದಲು ಮುಟ್ಟಲಿ ಎಂಬ ಆಸೆ.

ಅಜ್ಜನ ಹೆಂಡತಿ ಎಲ್ಮಾಸ್ ಚಹಾ ತಂದಿಟ್ಟು, "ಇನ್ನು ಇವ್ರನ್ನ ಹಿಡಿಯೋರ್ಯಾರು? ನಾಳೆಯಿಂದ ಕುರಿಗೂ ಇಂಗ್ಲಿಷಲ್ಲೇ ಬಯ್ತಾರೆ" ಎಂದಳು.

"ನೀ ಸುಮ್ನಿರೇ" ಎಂದ ಅಜ್ಜ, ಕಟ್ಟು ಬಿಚ್ಚಿ ಪುಸ್ತಕವನ್ನು ಗುಲ್ಸೆರೆನ್ ಕೈಗಿಟ್ಟ. "ಓದು ಮಗಳೇ."

ಅವಳು ಓದಿದಳು. ಭಾಷೆ ತಿಳಿಯದ ಅಜ್ಜ ಕಣ್ಣು ಮುಚ್ಚಿ, ತನ್ನ ಹೆಸರೊಂದಕ್ಕೇ ಕಾಯುತ್ತ ಕೂತ. ಹಾಡು ಮುಗಿಯಿತು, ಹೆಸರು ಬರಲಿಲ್ಲ. ಅವಳು ಇನ್ನೊಂದು ತೆಗೆದಳು. ಅಲ್ಲೂ ಕೊನೆಯ ಪದ್ಯವಿಲ್ಲ. ಪುಟಗಳನ್ನು ಸರಸರ ತಿರುವಿದಳು; ಯಾವ ಹಾಡಿನಲ್ಲೂ ಇರಲಿಲ್ಲ.

"ನಾನೆಲ್ಲಿ?" ಎಂದ ಅಜ್ಜ.

ಅವಳು ಅಂಗಳಕ್ಕೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದಳು.

"ಅದಾ? ನಾನೇ ತೆಗೆದೆ" ಎಂದರು ಅವರು. "ಕವಿ ತನ್ನ ಹೆಸರು ತಾನೇ ಹೇಳ್ಕೊಂಡ್ರೆ ಅಲ್ಲಿನೋರು ನಗ್ತಾರಮ್ಮ. ರಟ್ಟಿನ ಮೇಲೆ ಹಾಕಿದೀವಲ್ಲ."

"ನನ್ನ ಒಂದು ಮಾತು ಕೇಳ್ಬೇಕಿತ್ತು ಸಾರ್."

"ಕೇಳಿದ್ರೆ ನೀನು ಒಪ್ತಿರ್ಲಿಲ್ಲ."

ಅಂದರೆ ಗೊತ್ತಿದ್ದೇ ಮಾಡಿದ್ದರು. ಅಕ್ಷರ ಕೊಟ್ಟ ಕೈ ಎಂದು ಅವಳು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ ಮನುಷ್ಯ.

ಒಳಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರಟ್ಟಿನ ಮೇಲಿನ ಹೆಸರನ್ನೂ ತೋರಿಸಿದಳು.

"ಹಾಡೋವಾಗ ರಟ್ಟು ಯಾರು ಹಾಡ್ತಾರೆ?" ಎಂದ ಅಜ್ಜ.

"ನಂಗೊತ್ತಿರ್ಲಿಲ್ಲ ಅಜ್ಜ. ಮೇಷ್ಟ್ರು ಹಿಂಗೆ ಮಾಡ್ತಾರೆ ಅಂತ..."

"ಆ ಮೇಷ್ಟ್ರು ಯಾರೋ ಏನೋ. ನಾನು ಹಾಡು ಕೊಟ್ಟಿದ್ದು ನಿಂಗೆ."

ಆ ಚಳಿಗಾಲದಲ್ಲಿ ಕಟ್ಟಿದ ಹೊಸ ಹಾಡುಗಳನ್ನು ಅವತ್ತು ಕೇಳಿಸುತ್ತೇನೆಂದು ಅಜ್ಜ ಹೇಳಿಕಳಿಸಿದ್ದ. ಗೋಡೆಯ ಮೇಲಿನ ಸಾಜನ್ನು ಆತ ಇಳಿಸಲಿಲ್ಲ. ಇಳಿಸು ಎನ್ನುವ ಬಾಯಿ ಅವಳಿಗೂ ಇರಲಿಲ್ಲ.