ಅಡುಗೆಮನೆಯ ಡಬ್ಬಿಗೆ ಒಂದು ವಾಯರ್

ನಮ್ಮ ಕಾಕಾ ಹಾಡಿದ್ದು ರೆಕಾರ್ಡ್ ಆಗಿರುವುದು ಒಂದೇ ಒಂದು ಸಲ. ಖಜೂರಿ ಕಡೆಯ ನಮ್ಮ ಹಳ್ಳಿಯಲ್ಲಿ ಭಜನೆ ಜೋರಾಗಿದ್ದ ಕಾಲವದು. ಸೊಲ್ಲಾಪುರದಿಂದ ಬಂದಿದ್ದ ಬೀಗರೊಬ್ಬರು ತಮ್ಮ ದೊಡ್ಡ ಟೇಪ್ ರೆಕಾರ್ಡರನ್ನು ಜಮಖಾನೆಯ ಮೇಲಿಟ್ಟು, ಎರಡು ಮೈಕು ನಿಲ್ಲಿಸಿ, ಆರು ನುಡಿಯ ಒಂದು ತತ್ವಪದವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಆಗ ನಾನು ತೊಟ್ಟಿಲಲ್ಲಿದ್ದೆನಂತೆ. ಮುಂದೆ ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್‌ಡ್ರೈವ್ ಬಂತು. ನಾವೂ ಹಳ್ಳಿ ಬಿಟ್ಟು ಆಳಂದಕ್ಕೆ ಬಂದೆವು. ಆ ಪದ ಮಾತ್ರ ನಮ್ಮ ಬೆನ್ನು ಬಿಡಲಿಲ್ಲ.

ಈಗಲೂ ಐತವಾರ ಬೆಳಿಗ್ಗೆ ಕಾಕಾ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಪಡಸಾಲೆಯಲ್ಲಿ ಪ್ಲೇಯರಿನ ಮುಂದೆ ಕೂಡುತ್ತಾರೆ. ಓಣಿಯ ಮೂರ್ನಾಲ್ಕು ಹಿರಿಯರು ಚಹಾಕ್ಕೆಂದು ಬಂದಿರುತ್ತಾರೆ. ಬಂದವರಿಗೆ ಚಹಾದ ಜೊತೆಗೆ ಪದವೂ ಕಡ್ಡಾಯ. ಕಾಕಾನ ದನಿ ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದು ಕೇಳಬೇಕು. ಹಿಮ್ಮೇಳ ಶುರುವಾಯಿತೋ, ಕಾಕಾ ಅರ್ಥ ಬಿಡಿಸಲು ಬಾಯಿ ತೆರೆಯುತ್ತಾರೆ. ಹೀಗಾಗಿ ಇಷ್ಟು ವರ್ಷಗಳಲ್ಲಿ ನಮ್ಮ ಮನೆಗೆ ಬಂದವರ್‍ಯಾರೂ ಆ ಹಿಮ್ಮೇಳವನ್ನು ಪೂರ್ತಿ ಕೇಳಿದ್ದೇ ಇಲ್ಲ.

ನಮ್ಮ ಅವ್ವನ ತಕರಾರು ಇದ್ದದ್ದು ಇಲ್ಲಿಯೇ. ಆ ಹಿಮ್ಮೇಳದಲ್ಲಿ ತನ್ನ ದನಿಯೂ ಇದೆ ಎಂದು ಅವಳು ಮೊದಲಿನಿಂದ ಹೇಳಿಕೊಂಡು ಬಂದಿದ್ದಳು. ಅತ್ತಿಗೆಯ ಈ ಮಾತನ್ನು ಕಾಕಾ ಒಪ್ಪುತ್ತಿರಲಿಲ್ಲ.

"ವೈನಿ, ನೀವು ತಾಳ ಬಾರಿಸಿದ್ರಿ, ಖರೆ ಅದ. ಹಾಡಿದ್ದು ಮಾತ್ರ ನನಗ ನೆನಪಿಲ್ರಿ."

"ನಿಮಗ ನಿಮ್ಮ ದನಿ ಬಿಟ್ರ ಮತ್ತೇನ್ ನೆನಪದ? ತಾಳಾನೂ ಬಾರಿಸೇನಿ, ಹಾಡೂ ಹಾಡೇನಿ. ಕೈ ಬ್ಯಾರೆ, ಬಾಯಿ ಬ್ಯಾರೆ."

ಪಡಸಾಲೆಯಲ್ಲಿ ಕೂತು ಕೇಳೋಣವೆಂದರೆ ಕಾಕಾನ ವಿವರಣೆ. ಅಡುಗೆಮನೆಯಿಂದ ಕೇಳೋಣವೆಂದರೆ ಅವಳದೇ ರೊಟ್ಟಿ ಬಡಿಯುವ ಸಪ್ಪಳ. ಒಂದು ದಿನ ಹಿಟ್ಟಿನ ಕೈಯಲ್ಲೇ ನನ್ನನ್ನು ತಡೆದು ನಿಲ್ಲಿಸಿದಳು.

"ಅಟ್ಟದ ಮ್ಯಾಲ ಇನ್ನೊಂದ್ ಸ್ಪೀಕರ್ ಡಬ್ಬಿ ಸುಮ್ನ ಕುಂತದ. ಅದನ್ನ ನನ್ನ ಒಲಿ ಹತ್ರ ಹಚ್ಚಿಕೊಡು. ನನ್ನ ದನಿ ನಾನೇ ಹುಡುಕ್ಕೋತೇನಿ. ಸಿಗಲಿಲ್ಲಂದ್ರ ನಿಮ್ಮ ಕಾಕಾಂದೇ ಖರೆ ಅಂತ ಬಾಯಿ ಮುಚ್ಚಕೊಂಡು ಕುಂದರ್ತೇನಿ."

ಅವ್ವ ಬಾಯಿ ಮುಚ್ಚಿಕೊಂಡು ಕೂಡುವುದೆಂದರೆ ಮನೆಗೆ ಒಳ್ಳೆಯದಲ್ಲ. ನಾನು ವಾಯರ್ ಹುಡುಕಲು ಹೊರಟೆ.

ಸ್ಪೀಕರ್ ಡಬ್ಬಿ ಎರಡಿದ್ದವು, ಪ್ಲೇಯರಿಗೆ ದನಿ ಹೊರಡುವ ತೂತು ಒಂದೇ. ಒಂದು ಕಡೆ ಒಂದು ಪಿನ್ನು, ಇನ್ನೊಂದು ಕಡೆ ಎರಡು ಕವಲು ಇರುವ ವಾಯರ್ ಸಿಕ್ಕರೆ ಮುಗಿಯಿತು ಎಂದುಕೊಂಡೆ. ಆಳಂದದ ಅಂಗಡಿಯಲ್ಲಿ ಕೈಸನ್ನೆ ಮಾಡಿ ತೋರಿಸಿದೆ. ಅವರು ಕೊಟ್ಟರು, ನಾನು ತಂದೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಅದರ ಪಿನ್ನು ನನ್ನ ಕಿರುಬೆರಳಿನಷ್ಟು ದಪ್ಪ. ಅದು ಮೈಕಿನ ಪಿನ್ನಂತೆ.

"ಇದನ್ನ ನೆಲಕ್ಕ ಬಡದು ಎಮ್ಮಿ ಕಟ್ಟಬಹುದು," ಎಂದಳು ಅವ್ವ.

ನನ್ನ ನೌಕರಿ ಜೇವರ್ಗಿಯ ಶಾಲೆಯೊಂದರಲ್ಲಿ. ಶನಿವಾರ ಮನೆಗೆ ಬಂದು ಸೋಮವಾರ ನಸುಕಿನಲ್ಲಿ ಹೊರಡುವುದು ರೂಢಿ. ಈ ಸಲ ಸನ್ನೆಯ ಮೇಲೆ ಭರವಸೆ ಇಡದೆ ಪ್ಲೇಯರನ್ನೇ ಟವೆಲ್ಲಿನಲ್ಲಿ ಸುತ್ತಿ ಒಯ್ದೆ. ಆ ವಾರ ಪದ ನಿಂತೇಹೋಗುತ್ತದೆಂದು ಕಾಕಾ ಮುಖ ಉಬ್ಬಿಸಿದರು. ಶನಿವಾರ ತರುತ್ತೇನೆಂದು ಮಾತು ಕೊಟ್ಟ ಮೇಲೆಯೇ ಬಿಟ್ಟರು. ಜೇವರ್ಗಿಯ ಮೊಬೈಲ್ ಅಂಗಡಿಯಲ್ಲಿದ್ದ ಹೆಣ್ಣುಮಗಳು ನನ್ನ ಕಣ್ಣೆದುರಿಗೇ ಸಣ್ಣ ಪಿನ್ನೊಂದನ್ನು ತೂತಿಗೆ ಒತ್ತಿದರು. ಟಿಕ್ ಎಂದು ಕೂತಿತು. ಇನ್ನೊಂದು ತುದಿಯಲ್ಲಿ ಕೆಂಪು, ಬಿಳಿ, ಎರಡು ಕವಲು. ಪಿನ್ನು ಕೂತದ್ದೇ ನನಗೆ ಎಷ್ಟು ಹಿಗ್ಗಾಯಿತೆಂದರೆ, ಕೆಂಪು ಯಾಕೆ, ಬಿಳಿ ಯಾಕೆ ಎಂದು ಕೇಳಬೇಕೆನ್ನುವುದು ಹೊಳೆಯಲೇ ಇಲ್ಲ.

ಐತವಾರ ಬಂತು. ಬಿಳಿಯ ಕವಲನ್ನು ಪಡಸಾಲೆಯ ಡಬ್ಬಿಗೆ ಸಿಕ್ಕಿಸಿದೆ. ಕೆಂಪಿಗೆ ಉದ್ದ ವಾಯರ್ ಜೋಡಿಸಿ, ಒಳಗಿನ ಕಿಟಕಿಯಿಂದ ಇಳಿಬಿಟ್ಟು ಅಡುಗೆಮನೆಯ ಡಬ್ಬಿಗೆ ಮುಟ್ಟಿಸಿದೆ. ಹಿರಿಯರು ಚಹಾ ಕುಡಿಯುತ್ತಿದ್ದರು. ಕಾಕಾ ಗುಂಡಿ ಒತ್ತಿದರು.

ಪಡಸಾಲೆಯಲ್ಲಿ ಕಾಕಾನ ದನಿ ಎದ್ದಿತು. ಅಷ್ಟು ಶುದ್ಧವಾಗಿ ನಾವೆಂದೂ ಕೇಳಿರಲಿಲ್ಲ. ಒಂದು ಸಾಲು ಹಾಡಿದರು. ಆಮೇಲೆ ಡಬ್ಬಿ ಗಪ್ಪಾಯಿತು. ಹಿಮ್ಮೇಳವಿಲ್ಲ, ತಾಳವಿಲ್ಲ. ಎಲ್ಲರೂ ಡಬ್ಬಿಯನ್ನೇ ನೋಡುತ್ತಿರುವಾಗ ಕಾಕಾ ಎರಡನೆಯ ಸಾಲು ಹಾಡಿದರು. ಮತ್ತೆ ಗಪ್ಪು.

"ಮಂದಿ ಎಲ್ಲಿ ಹ್ವಾದ್ರೋ?" ಎಂದರು ಕಾಕಾ.

"ಊಟಕ್ಕ ಹೋಗಿರಬೇಕ್ರಿ," ಎಂದರು ಎದುರುಮನೆಯ ಹಿರಿಯರು.

ಅತ್ತ ಅಡುಗೆಮನೆಯಲ್ಲಿ ಅವ್ವ ಕೂಗುತ್ತಿದ್ದಳು. "ಬಂತೋ! ಬಂತೋ! ನಿಮ್ಮ ಕಾಕಾ ಇಲ್ಲ, ಬರೇ ನಾವೇ ಇದ್ದೀವಿ ಇದರಾಗ!" ಕಾಕಾ ಸುಮ್ಮನಾದಾಗಲೆಲ್ಲ ಆ ಡಬ್ಬಿಯಲ್ಲಿ ತಾಳ ಝಲ್ಲೆನ್ನುತ್ತಿತ್ತು. ಐದಾರು ಹೆಂಗಸರು ಒಟ್ಟಿಗೆ ಹಾಡುತ್ತಿದ್ದರು. ಅವರಲ್ಲಿ ಒಂದು ದನಿ ಉಳಿದವರಿಗಿಂತ ಕೂದಲೆಳೆಯಷ್ಟು ಮುಂದೆ ಓಡುತ್ತಿತ್ತು. ಅವ್ವ ಮಾತಾಡುವುದೂ ಹಾಗೆಯೇ, ನಾವು ಕೇಳಿ ಮುಗಿಸುವ ಮೊದಲೇ ಉತ್ತರ.

"ಯಾರ ದನಿ ಇದು? ಹೇಳು, ಯಾರದಿದು?" ಎನ್ನುತ್ತ ಅವಳು ರೊಟ್ಟಿಯನ್ನು ಹೆಂಚಿನ ಮೇಲೆಯೇ ಮರೆತಿದ್ದಳು.

ನಾನು ನಡುಬಾಗಿಲಲ್ಲಿ ನಿಂತಿದ್ದೆ. ಎರಡೂ ಡಬ್ಬಿ ಕೇಳಿಸುವ ಜಾಗ ಅದೊಂದೇ. ಮೂರನೆಯ ನುಡಿ ಬಂತು. ಆ ನುಡಿಯ ನಡುವೆ ಕಾಕಾ ಥಟ್ಟನೆ ನಿಲ್ಲುತ್ತಾರೆ. ಎರಡೆಣಿಸುವಷ್ಟು ಹೊತ್ತು ಬಿಟ್ಟು ಮತ್ತೆ ಎತ್ತಿಕೊಳ್ಳುತ್ತಾರೆ. ಪ್ರತಿ ಐತವಾರ ಅಲ್ಲಿಗೆ ಬಂದಾಗ ಬೆರಳೆತ್ತಿ, "ಇಲ್ಲಿ ಬೇಕಂತೇ ನಿಂತೇನಿ ನೋಡ್ರಿ, ಭಾವ ಇಳೀಬೇಕಲ್ಲ," ಎನ್ನುತ್ತಾರೆ. ಅವತ್ತೂ ಅಂದರು. ಅದೇ ಹೊತ್ತಿಗೆ ಅಡುಗೆಮನೆಯ ಡಬ್ಬಿಯಲ್ಲಿ ಒಂದೇ ಒಂದು ಹೆಣ್ಣುದನಿ, ಮೆಲ್ಲಗೆ, ಅವಸರದಲ್ಲಿ, ಮುಂದಿನ ಅರ್ಧ ಸಾಲನ್ನು ಹೇಳಿತು. ಮರುಕ್ಷಣ ಪಡಸಾಲೆಯ ಡಬ್ಬಿಯಲ್ಲಿ ಕಾಕಾ ಅದೇ ಅರ್ಧ ಸಾಲನ್ನು ಗತ್ತಿನಿಂದ ಹಾಡಿದರು.

ನನಗೆ ನಗು ತಡೆಯಲಾಗಲಿಲ್ಲ. ಕಾಕಾ ಎದ್ದು ಬಂದರು.

"ಯಾಕ್ ನಗಾಕತ್ತಿ?"

"ಒಳಗ ಬರ್ರಿ ಕಾಕಾ. ಇನ್ನೊಮ್ಮೆ ಹಚ್ಚತೇನಿ."

ಅಡುಗೆಮನೆಯ ಡಬ್ಬಿಯ ಹತ್ತಿರ ಮಣೆ ಹಾಕಿ ಕೂಡಿಸಿ ಮೂರನೆಯ ನುಡಿಯನ್ನು ಮತ್ತೆ ಹಚ್ಚಿದೆ. ಆ ದನಿ ಮತ್ತೆ ಬಂತು. ಕಾಕಾ ಹೆಗಲ ಮೇಲಿನ ಟವೆಲನ್ನು ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ವೈನಿ, ಇದನ್ನ ಇಷ್ಟ್ ವರ್ಷ ಯಾಕ ಹೇಳಲಿಲ್ಲ?"

"ಹಾಡೇನಿ ಅಂತ ಹೇಳಕೋತೇ ಬಂದೀನಲ್ರಿ."

"ಹೇಳಿಕೊಟ್ಟೇನಿ ಅಂತ ಹೇಳಲಿಲ್ಲ."

"ಅದನ್ನ ನೀವು ಹೇಳಬೇಕಿತ್ತು," ಎಂದು ಅವ್ವ ಕರಿದಾದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು.

ಪಡಸಾಲೆಯಲ್ಲಿ ಹಿರಿಯರು ಕಾಯುತ್ತಿದ್ದರು. ಕಾಕಾ ಹೊರಗೆ ಹೋಗಿ, "ವಾಯರ್ ಸರಿ ಇಲ್ರಿ, ಮುಂದಿನ ವಾರ ಕೇಳೋಣಂತ," ಎಂದರು. ಅಷ್ಟೇ ಅಂದರು. ಅವ್ವನ ರೊಟ್ಟಿ ಬಡಿತ ಮೊದಲಿಗಿಂತ ಜೋರಾಯಿತು. ದನಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅದು ಪಡಸಾಲೆಯವರೆಗೂ ಹೋಗಬೇಕಿತ್ತು.

ಆ ವಾರ ಅಫಜಲಪುರದಲ್ಲಿ ನನಗೊಂದು ಮದುವೆಯಿತ್ತು. ಅಲ್ಲಿ ಗಾಣಗಾಪುರದ ಕಡೆ ಹೋಗುವ ರಸ್ತೆಯಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವ ವೃದ್ಧರೊಬ್ಬರು ಕೂಡುತ್ತಾರೆ. ವಾಯರನ್ನು ಅವರ ಮುಂದಿಟ್ಟು ಕತೆ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ನಕ್ಕರು.

"ಮಾಸ್ತರ್ರ, ಇದು ದನಿ ಹಂಚೋ ವಾಯರ್ ಅಲ್ರಿ, ಬ್ಯಾರೆ ಮಾಡೋ ವಾಯರ್. ಎಡಗಡಿದು ಬಿಳಿಗಿ, ಬಲಗಡಿದು ಕೆಂಪಿಗಿ. ಎರಡು ಮೈಕ್ ಇಟ್ಟಿದ್ರಂತೀರಿ; ಹಾಡವ್ರ ಮೈಕ್ ಒಂದ್ ಕಡಿ ಕುಂತದ, ಹಿಮ್ಮೇಳದ್ದು ಇನ್ನೊಂದ್ ಕಡಿ. ಒಂದೇ ಮನಿಯಾಗ ಪಾಲು ಮಾಡಿ ಬಿಟ್ಟೀರಿ!"

ಸಣ್ಣ ಪಿನ್ನೊಂದಕ್ಕೆ ಎರಡು ಸಣ್ಣ ತೂತುಗಳಿದ್ದ ಗೇಣುದ್ದದ ವಾಯರನ್ನು ಡಬ್ಬದಿಂದ ತೆಗೆದು ಕೊಟ್ಟರು. ಎರಡೂ ತೂತಿಗೆ ಎರಡೂ ಕಡೆಯ ದನಿ ಬರುತ್ತದೆ. ಒಂದೊಂದು ತೂತಿನಿಂದ ಒಂದೊಂದು ಡಬ್ಬಿಗೆ ವಾಯರ್ ಎಳೆದರೆ ಆಯಿತು. ಅದಕ್ಕೆ ಬೇಕಾದ ವಾಯರುಗಳನ್ನೂ ಅವರೇ ಹುಡುಕಿ ಕೊಟ್ಟರು.

ಐತವಾರ ಎರಡೂ ಡಬ್ಬಿ ತುಂಬಿ ಹಾಡಿದವು. ಕಾಕಾ ಇದ್ದರು, ಹಿಮ್ಮೇಳವಿತ್ತು, ತಾಳವಿತ್ತು. ಹಿರಿಯರು ತಲೆದೂಗಿದರು. ಆದರೆ ಕಾಕಾ ಅವತ್ತು ಅರ್ಥ ಬಿಡಿಸಲಿಲ್ಲ. ಹಿಮ್ಮೇಳ ಬಂದಾಗಲೆಲ್ಲ ಸುಮ್ಮನೆ ತೊಡೆ ತಟ್ಟುತ್ತ ಕೂತಿದ್ದರು. ಮೂರನೆಯ ನುಡಿ ಹತ್ತಿರ ಬಂದಂತೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕಾಕಾ ಬೆರಳೆತ್ತಿದರು.

"ಇಲ್ಲಿ ಕಿವಿಗೊಟ್ಟು ಕೇಳ್ರಿ. ನಾ ಬೇಕಂತ ನಿಂತಿದ್ದಲ್ಲ. ಮರ್ತಿದ್ದೆ. ಹೇಳಿಕೊಟ್ಟವ್ರು ನಮ್ಮ ವೈನಿ."

ಹಿರಿಯರೆಲ್ಲ ಮುಂದೆ ಬಾಗಿದರು. ಆ ಮೆಲುದನಿ ಬಂತು, ಹೋಯಿತು. "ಹೌದಲ್ರೀ!" ಎಂದರು ಒಬ್ಬರು. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವನ ಕೂಗು ಕೇಳಿಸಿತು.

"ಐದನೇ ನುಡಿದೂ ಹೇಳ್ರಿ ಮತ್ತ!"

"ಅದು ಇನ್ನೂ ಬಂದಿಲ್ರೀ ವೈನಿ, ಸ್ವಲ್ಪ ತಡೀರಿ!" ಎಂದರು ಕಾಕಾ.