ಎದುರಿನ ಸ್ಟುಡಿಯೋದಲ್ಲಿ ನಕ್ಕ ನನ್ನ ಹೆಂಡತಿ

ಗೆಳೆಯರೇ, ಇವತ್ತು ನನ್ನ ಹೆಂಡತಿ ಎದುರಿನ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದಳು. ಬೈಲಹೊಂಗಲದಲ್ಲಿ ಹದಿನೆಂಟು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡವನ ಹೆಂಡತಿ!

ಸವದತ್ತಿಯಲ್ಲಿ ಕೊಡಬೇಕಾದ ಅರ್ಜಿಗೆ ಅವಳಿಗೆ ಪಾಸ್‌ಪೋರ್ಟ್ ಫೋಟೋ ಬೇಕಿತ್ತು. ತೆಗೆದು ಕಂಪ್ಯೂಟರಿಗೆ ಹಾಕಿದೆ. ಊರ ಮದುವೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ನನ್ನ ಹಳೆಯ ಹಾರ್ಡ್‌ಡಿಸ್ಕ್ ಗರಗರ ಎಂದಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

"ಬಸ್ ತಪ್ಪತೈತ್ರಿ. ಈರಣ್ಣ ಕಂಪ್ಯೂಟರಿಗೆ ಅದೇನೋ ಎಸ್‌ಎಸ್‌ಡಿ ಹಾಕಿಸ್ಯಾನಂತ, ಭಾಳ ಜಲ್ದಿ ಓಡತೈತಂತ" ಎಂದು ಎದ್ದೇ ಬಿಟ್ಟಳು.

ಈರಣ್ಣ ಅಂದರೆ ಆ ಎದುರಿನವನು. ದೊಡವಾಡದಿಂದ ಬಂದು ನನ್ನ ಹತ್ತಿರವೇ ಕೆಲಸ ಕಲಿತವನು.

ನನ್ನ ಚಕ್ರ ನಿಲ್ಲುವುದರೊಳಗೆ ಎಂಟು ಫೋಟೋ ಹಿಡಿದುಕೊಂಡು ಬಂದಳು. ಇಸಿದುಕೊಂಡು ನೋಡಿದೆ. ಬಣ್ಣ ಚೆನ್ನಾಗಿತ್ತು, ಅದನ್ನು ಹೇಗೋ ಸಹಿಸಿಕೊಂಡೆ. ಆದರೆ ಫೋಟೋದಲ್ಲಿ ಅವಳು ನಗುತ್ತಿದ್ದಳು. ನನ್ನ ಕ್ಯಾಮೆರಾದ ಮುಂದೆ ಒಂದು ಸಲವೂ ಹಾಗೆ ನಕ್ಕವಳಲ್ಲ.

"ನನ್ನ ಮುಂದ ಯಾಕ ಹಿಂಗ ನಗಂಗಿಲ್ಲ ನೀ?" ಎಂದೆ.

"ಇನ್ನ ಅರ್ಧಾ ತಾಸು ಕುಂದರಬೇಕಂತ ಗೊತ್ತಿದ್ದಾಕಿಗೆ ನಗು ಎಲ್ಲಿಂದ ಬರಬೇಕ್ರಿ?" ಎನ್ನುತ್ತ ಬಸ್ಸಿಗೆ ಓಡಿದಳು.

ಅವಳು ತಿರುವು ದಾಟಿದ ಮೇಲೆ ನನ್ನ ಕಂಪ್ಯೂಟರಿನಲ್ಲಿ ಅವಳ ಫೋಟೋ ತೆರೆಯಿತು. ಗಂಟು ಮೋರೆ.

ನಾನೂ ಈ ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುತ್ತೇನೆ. ಯಾವುದು ಒಳ್ಳೆಯದು, ಬಲ್ಲವರು ಹೇಳಿ. "ಈರಣ್ಣನ್ನ ಕೇಳ್ರಿ" ಎಂದು ಮಾತ್ರ ಯಾರೂ ಕಾಮೆಂಟ್ ಹಾಕಬೇಡಿ. ಅದನ್ನು ಹೆಂಡತಿ ಆಗಲೇ ಬಸ್ಸಿನಿಂದ ಫೋನ್ ಮಾಡಿ ಹೇಳಿದ್ದಾಳೆ.