ಸೋಮವಾರದ ಬುತ್ತಿ

ನಮ್ಮ ಮನೆಯವರು ಶ್ರಾವಣ ಸೋಮವಾರದ ಉಪವಾಸ ಹಿಡಿದದ್ದು ನನ್ನ ಮಾತಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದದ್ದಕ್ಕೆ ದೇವರನ್ನಾಗಲಿ ಅವರನ್ನಾಗಲಿ ದೂರುವ ಹಾಗಿಲ್ಲ.

ಅವರು ಟ್ರಕ್ ಓಡಿಸುತ್ತಾರೆ. ಶೇಂದ್ರಾದ ಕಾರ್ಖಾನೆಗಳಿಂದ ಮಾಲು ತುಂಬಿಕೊಂಡು ಸಿನ್ನರ್‌ಗೆ, ಕೆಲವು ಸಲ ನಾಸಿಕ್‌ವರೆಗೆ. ಬೀದರ್ ಕಡೆಯ ಹಳ್ಳಿ ಬಿಟ್ಟು ಸಂಭಾಜಿನಗರಕ್ಕೆ ಬಂದು ನಮಗೆ ಇಪ್ಪತ್ತು ವರ್ಷ ಮೀರಿತು. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು, ಕಾಲೇಜಿಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅರ್ಧ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ.

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಒಂದು ಗಾಯದಿಂದ. ಟೈರ್ ಬದಲಿಸುವಾಗ ಕಾಲು ತರಚಿತ್ತು, ತಿಂಗಳಾದರೂ ಮಾಯಲಿಲ್ಲ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಬರೆದುಕೊಟ್ಟು, ಬಹಳ ಹೊತ್ತು ತಿಳಿಸಿ ಹೇಳಿದರು. ನಾನು ಪಕ್ಕದಲ್ಲಿ ಕುಳಿತು ಮನಸ್ಸಿನಲ್ಲೇ ಶಿವನಾಮ ಹೇಳಿಕೊಳ್ಳುತ್ತಿದ್ದೆ. ಕಿವಿಗೊಟ್ಟು ಕೇಳಿದವಳು ಮಗಳು. ಗುಳಿಗೆ ಒಂದು ದಿನವೂ ತಪ್ಪಬಾರದು ಎಂಬ ಮಾತೊಂದೇ ನನ್ನ ತಲೆಯಲ್ಲಿ ಉಳಿಯಿತು.

ಮರುದಿನವೇ ಟ್ರಕ್ಕಿನ ಕ್ಯಾಬಿನ್ ಹತ್ತಿದೆ. ಬಿಸ್ಕತ್ತು, ಬೆಲ್ಲದ ಹರಳು, ಪೆಪ್ಪರಮಿಂಟ್, ಸೀಟಿನ ಕೆಳಗೆ ಮುಚ್ಚಿಟ್ಟಿದ್ದ ಚಿಕ್ಕಿ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಇಳಿದೆ.

“ಪೊಲೀಸರು ಸೈತ ಹಿಂಗ ಹುಡುಕಂಗಿಲ್ಲ,” ಎಂದರು ಅವರು.

ಮುಟ್ಟದೆ ಬಿಟ್ಟದ್ದು ಒಂದೇ. ಸ್ಟಿಯರಿಂಗ್ ಮುಂದೆ ಶಿವನ ಫೋಟೋ ಇದೆ. ಅದರ ಬುಡದಲ್ಲಿ ವೇರೂಳಿನ ಶಿವನ ಗುಡಿಯಿಂದ ತಂದ ಕಲ್ಲುಸಕ್ಕರೆ ಪ್ರಸಾದದ ಸಣ್ಣ ಸ್ಟೀಲ್ ಡಬ್ಬಿ. “ಇದು ಗಾಡಿ ಕಾಯಲಾಕ ಅದ, ತಿನ್ನಲಾಕ ಅಲ್ಲ,” ಎಂದು ತಾಕೀತು ಮಾಡಿದೆ. ಅವರು ಅದರ ಮುಚ್ಚಳ ತೆಗೆದವರಲ್ಲ.

ಶ್ರಾವಣ ಬಂತು. ಅವರ ಸಕ್ಕರೆ ಇಳಿಯಲಿ ಎಂದು ಹರಕೆ ಹೊತ್ತೆ: ಇಬ್ಬರೂ ಸೋಮವಾರ ಸಂಜೆಯ ಪೂಜೆವರೆಗೆ ಏನೂ ತಿನ್ನುವುದಿಲ್ಲ. ಇಲ್ಲಿಯವರು ಉಪವಾಸಕ್ಕೆ ಸಾಬುದಾಣಿ ಖಿಚಡಿ ತಿನ್ನುತ್ತಾರೆ. ನಾನು ಅದನ್ನೂ ಬೇಡವೆಂದೆ. ನೀರು, ಸಕ್ಕರೆಯಿಲ್ಲದ ಚಹಾ, ಅಷ್ಟೇ. ಉಣ್ಣದಿದ್ದರೆ ಸಕ್ಕರೆ ಏರುವುದಾದರೂ ಎಲ್ಲಿಂದ ಎಂದು ನನ್ನ ಲೆಕ್ಕ. ಡಾಕ್ಟರಮ್ಮನನ್ನು ಕೇಳೋಣ ಎಂದು ಮಗಳು ಅಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗುಳಿಗೆಯನ್ನು ಮಾತ್ರ ಬೆಳಿಗ್ಗೆ ನನ್ನ ಕೈಯಾರೆ ಕೊಡುತ್ತಿದ್ದೆ. ಎರಡು ಸೋಮವಾರ ಹೇಗೋ ಕಳೆದವು. ಎರಡನೆಯ ಸಲ ಮನೆಗೆ ಬಂದು, “ಮಧ್ಯಾಹ್ನ ಕೈ ಥೋಡೆ ನಡಗಿದವು,” ಎಂದಿದ್ದರು. ಇಂಜಿನ್ ಧಗೆ ಇರಬೇಕು ಎಂದು ನಾನು ದೀಪ ಹಚ್ಚಲು ಹೋದೆ.

ಮೂರನೆಯ ಸೋಮವಾರ ಮಧ್ಯಾಹ್ನ ಅವರ ಫೋನ್ ಬಂತು. ನಾನು ಪೂಜೆಗೆ ಬಿಲ್ವಪತ್ರೆ ಆರಿಸುತ್ತಿದ್ದೆ. ಮಗಳು ಅಲ್ಲೇ ಓದುತ್ತ ಕುಳಿತಿದ್ದಳು. ಫೋನಿನ ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟಳು.

“ವೈಜಾಪುರ ದಾಟೀನಿ. ಗಾಡಿ ಬಾಜುಕ ಹಚ್ಚೀನಿ.” ಒಂದೊಂದು ಮಾತಿನ ನಡುವೆಯೂ ಬಿಡುವು. “ಮೈಯೆಲ್ಲ ಬೆವರಲತ್ತದ. ರೋಡು ಎರಡೆರಡು ಕಾಣ್ಲತ್ತದ.”

“ಸಕ್ಕರಿ ಏರ್ಯಾದ ಕಾಣ್ತದ್ರಿ,” ಎಂದೆ. “ಇನ್ನೊಂದು ಗುಳಿಗಿ ತಗೋರಿ.”

ಮಗಳು ಫೋನ್ ಕಸಿದುಕೊಂಡಳು. “ಪಪ್ಪಾ, ಗೋಳಿ ನಕೋ, ಬ್ಯಾಡ. ಶುಗರ್ ಕಮ್ಮಿ ಆಗ್ಯದ, ಜಾಸ್ತಿ ಅಲ್ಲ. ಗೋಳಿ ತಗೊಂಡು ಮುಂಜಾನಿಂದ ಕಾಹೀಚ್ ತಿಂದಿಲ್ಲ ನೀವು. ಸಿಹಿ ಏನಾರ ತಿನ್ರಿ, ಈಗಿಂದೀಗ.”

“ಸಿಹಿ ಎಲ್ಲಿ ಅದ? ನಿಮ್ಮವ್ವ ಒಂದು ಪೆಪ್ಪರಮಿಂಟ್ ಸೈತ ಬಿಟ್ಟಿಲ್ಲ.”

ಆ ಚೀಲ ನಮ್ಮ ಅಡುಗೆಮನೆಯ ಮೇಲ್ಗಡೆಯ ಹಲಗೆಯ ಮೇಲೆ ಇನ್ನೂ ಹಾಗೇ ಇತ್ತು. ಆಗ ಡಬ್ಬಿ ನೆನಪಾಯಿತು.

“ರೀ, ದೇವರ ಮುಂದ ಡಬ್ಬಿ ಅದ. ಅದರಾಗಿನ ಕಲ್ಲುಸಕ್ಕರಿ ಬಾಯಾಗ ಹಾಕೋರಿ.”

“ಉಪಾಸ ಅದಲ್ಲ?”

“ಮುರೀರಿ.”

“ಹರಕಿ?”

“ಹರಕಿ ಹೊತ್ತಾಕಿ ನಾನು. ನಾನೇ ಹೇಳ್ಲತ್ತೀನಿ, ತಿನ್ರಿ.”

ಡಬ್ಬಿ ಕೆಳಗೆ ಬಿದ್ದ ಸದ್ದು ಕೇಳಿತು. ಆಮೇಲೆ ಹಲ್ಲಿನಲ್ಲಿ ಸಕ್ಕರೆ ಕಟಕಟ ಒಡೆಯುವ ಸದ್ದು. ಪಕ್ಕದಲ್ಲಿ ಬೇರೆ ಗಾಡಿಗಳು ಹಾದುಹೋಗುತ್ತಿದ್ದವು. ಮಗಳು ಬಿಡದೆ ಮಾತಾಡಿಸುತ್ತಿದ್ದಳು: ಪಪ್ಪಾ, ಇನ್ನೊಂದು ಹರಳು, ಪಪ್ಪಾ, ಚಾವಿ ತೆಗೀರಿ, ಪಪ್ಪಾ, ಹ್ಞೂಂ ಅನ್ರಿ. ನಾನು ಶಿವನಾಮ ಹೇಳಲು ಹೋದೆ. ಅರ್ಧಕ್ಕೇ ಬಿಟ್ಟೆ. ಬಿಲ್ವಪತ್ರೆಯ ತಟ್ಟೆ ಹಿಡಿದುಕೊಂಡು ಆ ಸದ್ದನ್ನೇ ಕೇಳುತ್ತಿದ್ದೆ.

ಕಾಲು ಗಂಟೆ ಕಳೆದಿರಬೇಕು. ಅವರ ದನಿ ತಿರುಗಿ ಅವರದಾಯಿತು. “ಭಾಳ ದಿನದ ಮ್ಯಾಲ ಸಿಹಿ ತಿಂದೆ ನೋಡು. ನಿನ್ನ ಅಪ್ಪಣಿಯಿಂದ.”

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮಗಳು ಗಾಡಿ ಚಾಲೂ ಮಾಡಲು ಬಿಡಲಿಲ್ಲ. ಅವರು ಹತ್ತಿರದ ಢಾಬಾಕ್ಕೆ ನಡೆದು ಹೋಗಿ ಚಪಾತಿ, ಬೇಳೆ ಉಂಡರು. ಟ್ರಕ್ಕಿನ ಮಾಲೀಕರು ಬೇರೆ ಡ್ರೈವರನ್ನು ಕಳಿಸಿ ಮಾಲು ಮುಟ್ಟಿಸಿದರು. ಬೈಯಲಿಲ್ಲ, ಅದೂ ಒಂದು ಕರುಣೆ. ರಸ್ತೆ ಎರಡಾಗಿ ಕಂಡಾಗ ಗಾಡಿ ಪಕ್ಕಕ್ಕೆ ಹಚ್ಚುವಷ್ಟು ಎಚ್ಚರ ಅವರಲ್ಲಿ ಉಳಿದಿತ್ತು. ಅದು ಎಲ್ಲಕ್ಕಿಂತ ದೊಡ್ಡದು. ಅವರೊಬ್ಬರ ಮಾತಲ್ಲ, ಎದುರು ಬರುವವರೂ ಯಾರದೋ ಮನೆಯವರು.

ಮರುದಿನ ಡಾಕ್ಟರಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಗುಳಿಗೆಯ ಚೀಟಿ ನೋಡಿ, ನನ್ನನ್ನು ನೋಡಿ ಕೇಳಿದರು: “ಹರಕೆ ಯಾರದು?”

“ನಂದು.”

“ಹಾಗಾದರೆ ಉಪವಾಸ ನೀವು ಮಾಡಿ. ಅವರು ಹೊತ್ತಿಗೆ ಸರಿಯಾಗಿ ಉಣ್ಣಲಿ.”

ಗುಳಿಗೆಯನ್ನೂ ಬದಲಿಸಿದರು. ಗಾಡಿ ಹತ್ತುವ ಮುಂಚೆ ಬೆರಳಿಗೆ ಚುಚ್ಚಿ ಸಕ್ಕರೆ ನೋಡುವ ಯಂತ್ರ ಹೇಗೆ ಹಿಡಿಯಬೇಕೆಂದು ತೋರಿಸಿದರು. ಈ ಸಲ ನಾನು ಜಪ ಮಾಡಲಿಲ್ಲ. ಕೇಳಿಸಿಕೊಂಡೆ.

ಈಗ ಜೋಳದ ರೊಟ್ಟಿ, ಮೆಂತ್ಯೆ ಪಲ್ಲೆ, ಹೆಸರುಕಾಳಿನ ಉಸಳಿ ಕಟ್ಟಿಕೊಡುತ್ತೇನೆ. ಶೇಂದ್ರಾದಲ್ಲಿ ಮಾಲು ತುಂಬುವವರೆಗೆ ಅವರು ಕ್ಯಾಬಿನ್‌ನಲ್ಲಿ ಮಲಗುವುದಿಲ್ಲ, ಅಂಗಳದ ಗೋಡೆಗುಂಟ ನಡೆಯುತ್ತಾರೆ. ಮನೆಗೆ ಬಂದ ದಿನ ಅವರ ಕಾಲು ತೊಳೆದು, ಬೆರಳ ಸಂದುಗಳನ್ನೂ ಬಿಡದೆ ನೋಡುತ್ತೇನೆ. “ಪಾದಪೂಜಿ ನಡದದೇನು?” ಎಂದು ನಗುತ್ತಾರೆ. ನನಗೆ ಗಾಯವಿಲ್ಲದ ಪಾದ ಕಂಡರೆ ಸಾಕು.

ಸಕ್ಕರೆ ಪೂರ್ತಿ ಹಿಡಿತಕ್ಕೆ ಬಂದಿದೆ ಎಂದು ಹೇಳಲಾರೆ. ಕೆಲವು ತಿಂಗಳು ಏರುತ್ತದೆ, ಕೆಲವು ತಿಂಗಳು ಇಳಿಯುತ್ತದೆ. ಅವರು ಹೊರಟ ಮೇಲೆ ನನ್ನ ಎದೆಯೂ ಹಾಗೇ.

ಮತ್ತೆ ಶ್ರಾವಣ ಬಂದಿದೆ. ಕಳೆದ ಸೋಮವಾರ ಮಧ್ಯಾಹ್ನ ಸಿನ್ನರ್‌ನಿಂದ ಫೋನ್ ಮಾಡಿದರು.

“ಉಂಡೆ. ನಿಂದು?”

“ನಂದು ಉಪಾಸರಿ.”

“ನನ್ನ ಪಾಲಿಂದೂ ಮಾಡ್ಲತ್ತಿಯೇನು?”

“ಹೂಂ. ನೀವು ನನ್ನ ಪಾಲಿಂದು ಉಂಡ್ರಿಲ್ಲ?”

“ಎರಡು ರೊಟ್ಟಿ ಉಂಡೆ, ಒಂದು ಉಳಿಸೀನಿ.”

“ದೇವರ ಮುಂದಿನ ಡಬ್ಬಿ ತುಂಬಿ ಅದನ್ರಿ?”

ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಅಲ್ಲಾಡಿಸಿ ಕೇಳಿಸಿದರು. ಹರಳುಗಳ ಸದ್ದು ಕೇಳಿಯೇ ನಾನು ಫೋನ್ ಇಟ್ಟೆ.